ರಣಚಂಡಿಯ ಪರೀಕ್ಷೆ

ಹುಡುಗಿ ನೋಡಲು ಬೇಗೂರಿಗೆ ಹೋಗಿದ್ದ ಪ್ರಸನ್ನನಿಗೆ ಉಪ್ಪಿಟ್ಟು ಗಂಟಲಲ್ಲಿ ಸಿಕ್ಕಿಕೊಂಡದ್ದು ಕೃಪಾಳ ಮಾತು ಕೇಳಿ.

"ಹೆಣ್ಣು ನೋಡಕ್ಕೆ ಬಂದಾಗ ಎಲ್ರೂ ಒಳ್ಳೇವ್ರೇ ಕಣ್ರೀ. ನಿಜವಾದ ಗುಣ ಗೇಮಲ್ಲಿ ಗೊತ್ತಾಗತ್ತೆ. ನಾಳೆ ಮಧ್ಯಾಹ್ನ ಆನ್‌ಲೈನ್ ಬನ್ನಿ. 'ರಣಚಂಡಿ' ಅನ್ನೋ ಆಟಗಾರ್ತೀನ ಹುಡುಕಿ."

ಬಾಗಿಲ ಮರೆಯಲ್ಲಿ ಸೆರಗು ಹೊದ್ದು ನಿಂತಿದ್ದ ಅವಳ ತಾಯಿ ಅನುಸೂಯಮ್ಮ ತಲೆ ಕೂಡ ಎತ್ತಲಿಲ್ಲ. ಇಂಥ ಸಾಧು ತಾಯಿಗೆ ಇಂಥ ಮಗಳೇ ಎಂದುಕೊಂಡ ಪ್ರಸನ್ನ. ಆದರೆ ಕೃಪಾಳ ಕೆನ್ನೆಯ ಗುಳಿಯಲ್ಲಿ ಅವನು ಆಗಲೇ ಬಿದ್ದಾಗಿತ್ತು.

ಮರುದಿನ ಪೀಣ್ಯದ ಗಿಯರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಚಿತ್ರಾನ್ನಕ್ಕಿಂತ ಮೊದಲು ಸುದ್ದಿ ಹಂಚಿಹೋಯಿತು. ಲೇತ್ ಕೆಲಸದ ನಂದೀಶ್ ತಾನೇ ಮೊಬೈಲಿಗೆ ಗೇಮ್ ಹಾಕಿಕೊಟ್ಟು, ಅದರಲ್ಲಿ ಪ್ರಸನ್ನನಿಗೆ 'ಪೀಣ್ಯ ಹುಲಿ' ಎಂದು ಹೆಸರಿಟ್ಟ.

"ಹುಡುಗೀರಿಗೆ ಕಾಪಾಡೋನು ಬೇಕು ಗುರು. ಗುಂಡು ಬಂದ್ರೆ ಅಡ್ಡ ನಿಲ್ಲು!"

"ಆ ಕಾಲ ಹೋಯ್ತು ಕಣೋ," ಎಂದಳು ಅಕೌಂಟ್ಸಿನ ಮಾಲಾ. "ಪ್ರತಿಯೊಂದಕ್ಕೂ ಅವಳ ಅಭಿಪ್ರಾಯ ಕೇಳು."

ಪ್ರಸನ್ನ ಇಯರ್‌ಫೋನ್ ಸಿಕ್ಕಿಸಿಕೊಂಡ. ಹುಲಿ ಪ್ಯಾರಾಚೂಟಿನಿಂದ ಸೀದಾ ಕೆರೆಗೆ ಇಳಿಯಿತು. ಸೌತೆಕಾಯಿ ಹೆಚ್ಚುವಷ್ಟು ಸಲೀಸಾಗಿ ಶತ್ರುಗಳನ್ನು ತರಿಯುತ್ತಾ ಬಂದ ರಣಚಂಡಿ ಅದನ್ನು ದಡ ಸೇರಿಸಿದಳು. ಅಷ್ಟರಲ್ಲಿ ಮತ್ತೊಬ್ಬ ಬಂದೂಕು ಹಿಡಿದು ಬಂದ. ಪ್ರಸನ್ನ 'ಸಾರಿ ಸಾರ್' ಎಂದು ಟೈಪ್ ಮಾಡಿದ. ಬಂದವನು ಗುಂಡು ಹಾರಿಸಿದ.

"ಅಡ್ಡ ನಿಲ್ಲೋ!" "ಅಭಿಪ್ರಾಯ ಕೇಳೋ!"

ಎರಡೂ ಕಿವಿಗೆ ಬಿದ್ದು, ಎರಡೂ ತಿಳಿಯದೆ, ಪ್ರಸನ್ನ ಗಾಬರಿಯಲ್ಲಿ ಪಕ್ಕದ ಜೀಪ್ ಹತ್ತಿದ. ಜೀಪು ಹಿಂದಕ್ಕೆ ನುಗ್ಗಿ ರಣಚಂಡಿಯ ಮೇಲೇ ಹತ್ತಿತು.



"ಮದ್ವೆಗೆ ಮುಂಚೇನೇ ಕೊಂದ್ಬಿಟ್ಯಲ್ಲೋ!" ಎಂದ ನಂದೀಶ್.

ಪ್ರಸನ್ನ ಮೈಕ್ ಒತ್ತಿದ. "ಕ್ಷಮಿಸಿ ಕಣ್ರೀ. ಹುಲಿ ಗಿಲಿ ಎಲ್ಲಾ ಸುಳ್ಳು. ನಾನು ಆಡ್ತಿರೋದೇ ಇವತ್ತು. ಪಕ್ಕದಲ್ಲಿ ಇಬ್ರು ಹೇಳ್ಕೊಡ್ತಿದಾರೆ. ನಿಜ ಹೇಳ್ಬೇಕಂದ್ರೆ ನಂಗೆ ತುಮಕೂರು ರಸ್ತೆ ದಾಟಕ್ಕೂ ಭಯ. ಆದ್ರೆ ನೀವು ನಂಗೆ ತುಂಬಾ ಇಷ್ಟ ಆಗಿದ್ದೀರಿ."

ಅವನ ಕಿವಿಯಲ್ಲಿ ಗಟ್ಟಿಯಾದ ನಗು ಕೇಳಿಸಿತು.

"ಅಯ್ಯೋ, ನಾನು ಕೃಪಾ ಅಲ್ಲ ಕಣಪ್ಪಾ, ಅವ್ರಮ್ಮ! ರಣಚಂಡಿ ನಾನೇಯ. ಬಂದ ಗಂಡ್ಗಳನ್ನೆಲ್ಲ ನನ್ ಮಗ್ಳು ನನ್ ಅತ್ರಾನೇ ಕಳಿಸ್ತಾಳೆ. ನೀನು ಪಾಸು! ಸುಳ್ಳು ಏಳಕ್ಕೆ ಬರದ ಉಡ್ಗ."

ಪ್ರಸನ್ನನ ಮುಖ ಪೂರಿಯಂತೆ ಉಬ್ಬಿತು.

"ಆದ್ರೆ ಏನ್ಮಾಡದಪ್ಪಾ, ಅವ್ಳೂ ಪಕ್ಕದಲ್ಲೇ ಕೂತ್ಕೊಂಡು ನೋಡ್ತಿದ್ಲು. 'ನಮ್ಮಮ್ಮನ ಮೇಲೆ ಜೀಪ್ ಅತ್ತಿಸಿದೋನು ನಂಗೆ ಬ್ಯಾಡ' ಅಂತ ಎದ್ದೋದ್ಲು. ಬೇಜಾರ್ ಮಾಡ್ಕಬ್ಯಾಡ. ನಾಳೆ ಇದೇ ಒತ್ತಿಗೆ ಬಾ, ಓಡ್ಸೋದು ನಾನ್ ಏಳ್ಕೊಡ್ತೀನಿ. ನಂಗೂ ಆಡಕ್ಕೆ ಜೊತೆಗೆ ಯಾರೂ ಇಲ್ಲ."

"ಆಯ್ತು... ಬರ್ತೀನಿ," ಎಂದ ಪ್ರಸನ್ನ ಇಯರ್‌ಫೋನ್ ತೆಗೆದ.

"ಏನಂದ್ಲು? ಏನಂದ್ಲು?" ಎಂದು ಎಲ್ಲರೂ ಮುಗಿಬಿದ್ದರು.

"ನಾಳೆನೂ ಬಾ ಅಂದ್ರು."

ಮಾಲಾ ಚಪ್ಪಾಳೆ ತಟ್ಟಿದಳು. "ನೋಡ್ರೋ, ಈಗ್ಲೇ ಬಹುವಚನ ಕೊಡ್ತಿದಾನೆ! ಇವನ ಸಂಸಾರ ಚೆನ್ನಾಗಿರತ್ತೆ ಬಿಡ್ರಿ!"