ಮಾಸ್ತರ ಬೆವರಿನ ಖೋಲಿ

ಬಡಿಗತನಾ ಮಾಡಾವ್ಗ ನಗೆಪಾಟಲ ತಪ್ಪಿದ್ದಲ್ಲ. ನಮ್ಮ ಮೊರಬದ ಎರಿ ಭೂಮಿ ವರ್ಷಕ್ಕ ಎರಡ ಸಲ ಮೈ ಮುರೀತೈತಿ, ಅದರ ಕೂಡ ನಾ ಕೂಡ್ರಿಸಿದ ಬಾಗಲಾನೂ ಮುರೀತಾವು. ಬೈಸ್ಕೋತೀನಿ, ಕೆತ್ತಿ ಕೊಡತೀನಿ, ಚಾ ಕುಡದ ಬರತೀನಿ. ಆದ್ರ ಇಪ್ಪತ್ತೈದು ವರ್ಷದ ಹೆಸರ ಹೋಗೂ ಹೊತ್ತು ಬಂದಿದ್ದು ಒಂದ ಸಲ, ಅದೂ ಪಿ.ಟಿ. ಮಾಸ್ತರ ಬೆವರಿನ ಖೋಲಿಯಿಂದ.

ಮಾಸ್ತರು ನನಗ ಸಾಲ್ಯಾಗ ಕವಾಯತ ಕಲಿಸಿದವರು. ರಿಟಾಯರ್ ಆದಮ್ಯಾಲೆ ಸೊಂಟ ಹಿಡದು, ಬಗ್ಗಿ ಒಂದ ತಂಬಿಗಿ ಎತ್ತಾಕೂ ಆಗವಲ್ದಾತು. ಯಾವುದೋ ದವಾಖಾನ್ಯಾಗ ಕಟ್ಟಿಗಿ ಖೋಲ್ಯಾಗ ಕುಂಡ್ರಿಸಿ, ಒಲಿ ಹಚ್ಚಿ ಬೆವರ ಬಿಡಿಸಿದ್ರಂತ. ನೋವು ಇಳೀತಂತ.

"ಅದಕ್ಕ ಸೌನಾ ಅಂತಾರ. ನಮ್ಮ ಹಿತ್ತಲದಾಗೂ ಒಂದ ಇಡೂಣು. ಕಟ್ಟಿಗಿ ನೋಡಾವ ನೀನ. ನೀ ಹೂಂ ಅಂದ್ರ ತಗೊಳ್ಳೂದು" ಅಂದ್ರು.

"ಸರ್, ಏಪ್ರಿಲ್‌ದಾಗ ನನ್ನ ಪತ್ರಾಸಿನ ಶೆಡ್ಡಿನ್ಯಾಗ ಬಂದ ಕುಂಡ್ರರಿ, ಪುಕ್ಕಟ ಬೆವರತೀರಿ."

"ಲೇ, ಸಾಲ್ಯಾಗೂ ನೀ ಹಿಂಗ ತಿರಗಿ ಮಾತಾಡತಿದ್ದಿ" ಅಂದ್ರು. ಅವರ ಕೂಡ ಹೊಂಟೆ.

ಗಲ್ಲಾ ಹಚ್ಚಿ ನೋಡಿದ್ದು

ಹುಬ್ಬಳ್ಳಿ ಅಂಗಡ್ಯಾಗ ಎರಡ ಖೋಲಿ ನಿಲ್ಲಿಸಿದ್ರು. ನಾ ಮೊದಲನೇದಕ್ಕ ಗಡಗಿ ಬಡದಂಗ ಎಲ್ಲಾ ಕಡೆ ಬಡದ ನೋಡಿದೆ. ಆಮ್ಯಾಲೆ ಕಟ್ಟಿಗಿಗೆ ಗಲ್ಲಾ ಹಚ್ಚಿ ಕಣ್ಣ ಮುಚ್ಚಿದೆ. ಹಸಿ ಕಟ್ಟಿಗಿ ಇದ್ರ ಗಲ್ಲಕ್ಕ ತಣ್ಣಗ ಹತ್ತತೈತಿ, ನಮ್ಮಪ್ಪ ಕಲಿಸಿದ ವಿದ್ಯಾ. ಅಂಗಡಿಯಂವಾ ಮಾಸ್ತರ ಕಿವ್ಯಾಗ, "ಇವ್ರಿಗೆ ಮೈಯಾಗ ಆರಾಮಿಲ್ಲೇನ್ರಿ?" ಅಂತ ಕೇಳಿದಾ.

"ಸುಮ್ನಿರ್ರಿ, ಕಟ್ಟಿಗಿ ಕೂಡ ಮಾತಾಡಾಕತ್ಯಾನ" ಅಂದ್ರು ಮಾಸ್ತರು.

ಕಟ್ಟಿಗಿ ಒಣಗಿತ್ತು. ಆದ್ರ ಕುಂಡ್ರೂ ಹಲಗಿ ತುಂಬ ಗಂಟು. "ಈ ಗಂಟು ಕಾದ್ರ ಅಂಟ ಬಿಡತಾವು. ಕುಂತಾವ್ರು ಏಳಂಗಿಲ್ಲ" ಅಂದೆ.

ಅಂಗಡಿಯಂವಾ ತಲಿ ತುರಿಸಿಕೊಂಡಾ. "ಹೌದೇನ್ರಿ? ಹೋದ ತಿಂಗಳ ಒಬ್ರು ಉರಿ ಹಚ್ಚಿಸಿ ಕುಂತ ನೋಡತೇನಂದ್ರು. ಎದ್ದ ಹೋಗೂ ಮುಂದ ಟಾವೆಲ್ ಇಲ್ಲೇ ಬಿಟ್ಟ ಹೋದ್ರು."

ಮೂರ ಊನ

ಎರಡನೇದು ಅಗದಿ ಛಲೋ ಇತ್ತು. ಗಂಟಿಲ್ಲ, ಹಲಗಿ ಹಲಗಿ ನಡುವ ಕೂದಲ ತೂರಂಗಿಲ್ಲ. ನನಗ ಕಂಡ ಊನ ಮೂರ: ಹಲಗಿಗೆ ಒಂದೂ ಮೊಳಿ ಕಾಣವಲ್ದು, ಬಾಗಲ ಕೆಳಗ ನಾಕ ಬೆರಳ ಸಂದಿ, ಬಾಗಲಕ್ಕ ಚಿಲಕನ ಇಲ್ಲ.

"ಅವು ಮೂರೂ ಹಂಗ ಇರಬೇಕ್ರಿ" ಅಂದಾ ಅಂಗಡಿಯಂವಾ.

ಮಾರಾಂವಾ ತನ್ನ ಮಾಲಿನ ಊನಾ ಎಂದರ ಒಪ್ಪತಾನೇನು? "ತಗೋರಿ ಸರ್, ಮೂರೂ ನಾ ಸರಿ ಮಾಡತೀನಿ" ಅಂದೆ. ಖೋಲಿ ಹಿತ್ತಲಕ್ಕ ಬಂದ ದಿನಾನ ಹಲಗಿಗೆ ಸಾಲು ಹಿಡದು ಮೊಳಿ ಬಡದೆ. ಚೇಳು ಹೊಕ್ಕಾವಂತ ಸಂದಿಗೆ ಪಟ್ಟಿ ಹಚ್ಚಿದೆ. ಆಡು ಹೊಕ್ಕಾವಂತ ಹೊರಗ ಚಿಲಕ ಕೂಡ್ರಿಸಿದೆ.

ಮರುದಿನ ಖೋಲಿ ಒಲ್ಯಾಗ ಹತ್ತಿಕಟ್ಟಿಗಿ ಒಟ್ಟಿ ಉರಿ ಹಚ್ಚಿದ್ವಿ. ಮಾಸ್ತರು ಒಳಗ ಹೋಗಿ ಕುಂತ್ರು. ಕುಂತಷ್ಟ ಜಲ್ದಿ ಎದ್ರು. ಕಾದ ಮೊಳಿ ತೊಡಿಗೆ ಆರ ಚುಕ್ಕಿ ಇಟ್ಟಿದ್ವು. ಮಾಸ್ತರ ಮನಿಯವ್ರಿಗೆ ನಾವೆಲ್ಲ ಅಕ್ಕೋರು ಅಂತೀವಿ. ಅವರು ಎಣ್ಣಿ ಹಚ್ಚಕೋತ ಅಂದ್ರು, "ಏನ ಅನ್ನರಿ, ಮೊಳಿ ಸಾಲು ಮಾತ್ರ ನೆಟ್ಟಗ ಹಿಡದಾನ."

ಉಸಿರಿಲ್ಲದ ಖೋಲಿ

ಮೊಳಿ ಕಿತ್ತೆ. ಎರಡನೇ ದಿನಾ ಮಾಸ್ತರು ಐದ ನಿಮಿಷಕ್ಕ ಬಾಯಿ ತಕ್ಕೊಂಡ ಹೊರಗ ಬಂದ್ರು.

"ಗಾಳಿ ಎಲ್ಲಿಂದ ಬರಬೇಕಲೇ?"

ಆವಾಗ ತಿಳೀತು ಆ ಸಂದಿ ಯಾಕ ಬಿಟ್ಟಿದ್ರಂತ. ಪಟ್ಟಿನೂ ಕಿತ್ತೆ. ಮಾಸ್ತರು ಸೊಂಟದ ಮ್ಯಾಲೆ ಕೈ ಇಟ್ಟು, "ಇನ್ನೊಂದ ತಪ್ಪಾದ್ರ ಬಸ್‌ಸ್ಟ್ಯಾಂಡಿನ್ಯಾಗ ನಿಂತು ಇದನ್ನ ಆರಿಸಿದಾಂವಾ ಯಾರಂತ ಹೇಳತೀನಿ" ಅಂದ್ರು. ಖರೇ ಹೇಳತೀನಿ, ಹೆದರಿದೆ. ಬಡಿಗ್ಯಾಗ ಹೆಸರ ಹೋದ್ರ ಒಂದ ಮಣೀನೂ ಯಾರೂ ಮಾಡಸಂಗಿಲ್ಲ.

ಗಟ್ಟಿ ಮಾಲು

ಮೂರನೇ ದಿನಾ ಮಾಸ್ತರು, "ನೀನೂ ಒಳಗ ಬಾ. ಏನಾದ್ರೂ ಇಬ್ರಿಗೂ ಆಗಲಿ" ಅಂದ್ರು. ಪಂಚೆ ಸುತ್ತಿ ಇಬ್ರೂ ಕುಂತ್ವಿ. ಬೆವರ ಇಳೀತು. "ಸೊಂಟ ಹಗರಾತಲೇ" ಅಂದ್ರು. ನನ್ನ ಜೀವಾನೂ ಹಗರಾತು. ಸಾಕಂತ ಎದ್ದು ಬಾಗಲಾ ನೂಕಿದೆ. ತೆರೀಲಿಲ್ಲ.

ನಮ್ಮೂರಾಗ ಹೊರಗಿನ ಚಿಲಕ ಜೋತಾಡೂದು ಕಂಡ್ರ ಯಾರೂ ಹಂಗ ಬಿಟ್ಟ ಹೋಗಂಗಿಲ್ಲ, ಹಾಕೇ ಹೋಗತಾರ. ಅಕ್ಕೋರು ಅರಬಿ ಒಣ ಹಾಕಾಕ ಬಂದಾವ್ರು ರೂಢಿ ಪ್ರಕಾರ ಹಾಕಿ ಹೋಗಿದ್ರು.

ಇಬ್ರೂ ಕೂಡಿ ಬಾಗಲಾ ಬಡದ್ವಿ. ಹೊರಗ ಅಕ್ಕೋರು ಬಾಜೂ ಮನಿಯವ್ರಿಗೆ ಹೇಳೂದು ಕೇಳಸ್ತು: "ಬಡಿಗ್ಯಾ ಬಡದ ಬಡದ ನೋಡಾಕತ್ಯಾನ್ರಿ. ಮೂರ ದಿನಾತು, ಇನ್ನಾ ಪರೀಕ್ಷಾ ಮುಗಿದಿಲ್ಲ." ಒದರಿದ್ವಿ. "ಜಗಳಾನೂ ಸುರು ಆತು ನೋಡ್ರಿ" ಅಂದ್ರು.

ವರ್ಷದಿಂದ ಕಾಲ ಎತ್ತದ ಮಾಸ್ತರು ಹಿಂದ ಸರದು ಜಾಡಿಸಿ ಒದ್ರು. ಬಾಗಲಾ ಅಲಗಾಡಲಿಲ್ಲ. ಇನ್ನೊಂದ ಕಾಲಿಲೆ ಒದ್ರು. ಊಹೂಂ.

"ಚಿಲಕಾ ಎಲ್ಲೀದಲೇ?"

"ನಾನ ಕುಲುಮ್ಯಾಗ ನಿಂತು ಮಾಡಿಸಿದ್ದು ಸರ್."

"ಮುರೀತೈತೇನು?"

ಮುರೀತೈತಿ ಅಂದ್ರ ಹೆಸರ ಹೋಗತೈತಿ, ಮುರಿಯಂಗಿಲ್ಲ ಅಂದ್ರ ಜೀವಾ ಹೋಗತೈತಿ. "ಇಲ್ರಿ ಸರ್" ಅಂದೆ.

ಪುಣ್ಯಾಕ್ಕ ಅಕ್ಕೋರು ಚಾ ಆತಂತ ಕರಿಯಾಕ ಬಂದು ಚಿಲಕಾ ತಗದ್ರು. ಮಾಸ್ತರು ಓಡಿ ಹೋಗಿ, ಬಗ್ಗಿ, ಕೊಡಾ ಎತ್ತಿ ತಲಿ ಮ್ಯಾಲೆ ಸುರಕೊಂಡ್ರು. ಬಗ್ಗಿದ್ದು ಅವರಿಗೂ ತಿಳೀಲಿಲ್ಲ. ನಾ ಚಾ ಕುಡೀದ, ಚಿಲಕಾ ಬಿಚ್ಚಿ ಕಿಸೆದಾಗ ಹಾಕ್ಕೊಂಡು ಮನಿ ಹಾದಿ ಹಿಡದೆ.

ಮರುದಿನ ಬಸ್‌ಸ್ಟ್ಯಾಂಡಿನ್ಯಾಗ ನೋಡತೀನಿ, ಮಾಸ್ತರು ನೆಟ್ಟಗ ನಿಂತಾರ, ಸುತ್ತ ಹತ್ತ ಮಂದಿ. ಮುಗೀತು ನನ್ನ ಬಡಿಗತನಾ ಅಂತ ಟ್ರ್ಯಾಕ್ಟರ್ ಹಿಂದ ಅಡಗಿ ನಿಂತು ಕೇಳಿದೆ.

ಮಾಸ್ತರು ಹೇಳಾಕತ್ತಿದ್ರು: "ಮಾಲು ಆರಿಸಿದ್ರ ನಮ್ಮ ಬಡಿಗ್ಯಾನ ಆರಿಸಬೇಕ್ರಿ. ಎರಡೂ ಕಾಲಿಲೆ, ಒಳಗಿಂದ ಒದ್ದ ನೋಡೇನಿ."