ಶುದ್ಧ ಗಾಳಿ ಬಂದ ಡಬ್ಬ

ರಸಾಯನಶಾಸ್ತ್ರದ ಮೇಷ್ಟ್ರು ಕೊಳ್ಳುಬಾಕರು, ಮೇಲಾಗಿ ಹೇಡಿ. ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟದೆ ಬಿಟ್ಟ ಉದಾಹರಣೆಯೇ ಇಲ್ಲ. ಪ್ರಯೋಗಶಾಲೆಯಲ್ಲಿ ಜಾಡಿ ಒಡೆದರೆ ಅದು ಬೆಕ್ಕಿನ ಕೆಲಸ, ಮನೆಯಲ್ಲಿ ಹಾಲು ಉಕ್ಕಿದರೆ ಗ್ಯಾಸ್ ಕಂಪನಿಯ ಕುತಂತ್ರ!

ಮೊಬೈಲಿನ ಮೇಲೆ ಅವರ ಬೆರಳು ಆಡಿದರೆ ಸಾಕು, ಮನೆಗೊಂದು ಡಬ್ಬ ಬರುತ್ತಿತ್ತು. ಮೊಟ್ಟೆ ಬೇಯಿಸಲು ಒಂದು ಯಂತ್ರ, ಬೆಂದ ಮೊಟ್ಟೆ ಸುಲಿಯಲು ಇನ್ನೊಂದು. ಮೇಷ್ಟ್ರು ಮೊಟ್ಟೆ ತಿನ್ನುತ್ತಿರಲಿಲ್ಲ.

ಹೆಂಡತಿಗೆ ಉಬ್ಬಸ. ಧೂಳು, ಹೊಗೆ ತಾಗಕೂಡದೆಂದು ಡಾಕ್ಟರು ಗದರಿಸಿ ಹೇಳಿದ್ದರು. ಒಂದು ದಿನ ಆಕೆ, ಅಕ್ಕ ಕೊಟ್ಟಿದ್ದ ನೇರಳೆ ಬಣ್ಣದ ಪಾದ ಒತ್ತುವ ಯಂತ್ರದೊಳಗೆ ಕಾಲಿಟ್ಟುಕೊಂಡು ಕೂತು ತೀರ್ಪು ಕೊಟ್ಟರು.

"ಮನೆಯೋ ಗೋಡೌನೋ ಇದು? ಇನ್ನೊಂದು ಡಬ್ಬ ಹೊಸಿಲು ದಾಟಲಿ, ನಾನು ಅಕ್ಕನ ಮನೆಗೆ ಹೊರಟೆ. ಇದನ್ನ ನೋಡಿ, ಡಬ್ಬಾನೇ ಇಲ್ದೆ ಬರೀ ಟವೆಲಲ್ಲಿ ಸುತ್ತಿ ಕೊಟ್ಟಳು ನಮ್ಮಕ್ಕ. ಕಲೀರಿ!"

"ಇನ್ನು ಒಂದು ಗುಂಡುಸೂಜಿ ಕೊಂಡರೆ ಕೇಳು!" ಮೇಷ್ಟ್ರು ಎದೆ ತಟ್ಟಿಕೊಂಡರು.

ಕೊಳ್ಳುವುದೇನೂ ನಿಲ್ಲಲಿಲ್ಲ. ಸಾಮಾನು ಕಾಲೇಜಿನ ಬ್ಯಾಗಿನಲ್ಲಿ ಅಡಗಿ ಒಳಗೆ ಬಂತು. ಡಬ್ಬ ಹಿತ್ತಲಾಚೆಯ ಖಾಲಿ ಸೈಟಿಗೆ ಹೋಯಿತು. ಬೀದಿಯವರೆಲ್ಲ ಕಸ ಸುರಿದು ಕಡ್ಡಿ ಗೀರುವ ಜಾಗ ಅದು. ಥರ್ಮೋಕೋಲ್ ಸುಟ್ಟರೆ ಎಂಥ ವಿಷ ಹೊರಡುತ್ತದೆಂದು ಬೋರ್ಡಿನ ತುಂಬ ಬರೆಯಬಲ್ಲ ವಿದ್ವಾಂಸರು, ಮೂಗಿಗೆ ಕರ್ಚೀಫು ಹಿಡಿದು ಅದನ್ನೇ ಸುಟ್ಟರು!

ಹೊಗೆಗೆ ಮುಲಾಜಿಲ್ಲ. ಅದು ನೇರವಾಗಿ ಮೇಷ್ಟ್ರ ಅಡುಗೆಮನೆ ಕಿಟಕಿಯಿಂದಲೇ ಒಳಗೆ ಬಂತು.

"ಯಾರ್ರೀ ಅದು, ದಿನಾ ಸುಡೋದು?" ಹೆಂಡತಿ ಕೆಮ್ಮಿನ ನಡುವೆ ಕೇಳಿದರು.

"ಮೂಲೆಮನೆ ಟೈಲರ್ ಇರ್ಬೇಕು. ನಾಗರಿಕತೆ ಅನ್ನೋದೇ ಇಲ್ಲ ಈ ಜನಕ್ಕೆ!"

ಆದರೂ ಹೆಂಡತಿಯ ಎದೆ ಸುಯ್‌ಗುಟ್ಟುವುದು ಕೇಳಿದಾಗ ಅವರಿಗೆ ನಿಜಕ್ಕೂ ಸಂಕಟವಾಯಿತು. ಸಂಕಟಕ್ಕೆ ಅವರು ಬಲ್ಲ ಮದ್ದು ಒಂದೇ. ಗಾಳಿ ಶುದ್ಧ ಮಾಡುವ ಯಂತ್ರವನ್ನು ತರಿಸಿಬಿಟ್ಟರು!

"ಕಾಲೇಜಿನವರು ಪರೀಕ್ಷೆ ಮಾಡೋಕೆ ಕೊಟ್ಟಿದಾರೆ ಕಣೇ," ಎಂದು ನಡುಮನೆಯಲ್ಲಿ ಅದನ್ನು ಪ್ರತಿಷ್ಠಾಪಿಸಿದರು. ಹಸಿರು ದೀಪ ಹತ್ತಿತು. ಉಳಿದದ್ದು ಅದರ ಡಬ್ಬ. ಒಳಗೆ ಹಾಸಿಗೆಯಷ್ಟು ದಪ್ಪ ಥರ್ಮೋಕೋಲ್!

ಸಂಜೆ ಮೇಷ್ಟ್ರು ಖಾಲಿ ಸೈಟಿನಲ್ಲಿ ಕಡ್ಡಿ ಗೀರಿದರು. ನಡುಮನೆಯಲ್ಲಿ ಹಸಿರು ದೀಪ ಹಳದಿಯಾಯಿತು, ಹಳದಿ ಕೆಂಪಾಯಿತು. ಯಂತ್ರ ಬಾಯಿ ಬಡಿದುಕೊಳ್ಳತೊಡಗಿತು.

"ಇವತ್ತು ಆ ಟೈಲರನ್ನ ಬಿಡಲ್ಲ!" ಎಂದು ಹೆಂಡತಿ ಬಕೆಟ್ ನೀರು ಹೊತ್ತು ಹಿತ್ತಲ ಬಾಗಿಲು ತೆರೆದರು. ಕೋಲಿನಿಂದ ಬೆಂಕಿ ಕೆದಕುತ್ತ ನಿಂತಿದ್ದವರು ಟೈಲರ್ ಅಲ್ಲ.

"ಏನ್ರೀ ಇದು?"

"ಆರಿಸ್ತಾ ಇದ್ದೆ ಕಣೇ..."

"ಕಡ್ಡಿಪೆಟ್ಟಿಗೆ ಹಿಡ್ಕೊಂಡು ಆರಿಸ್ತಾರಾ?"

ಬಕೆಟ್ಟಿನ ಅರ್ಧ ನೀರು ಬೆಂಕಿಗೆ ಬಿತ್ತು, ಉಳಿದರ್ಧ ಮೇಷ್ಟ್ರಿಗೆ. ಅಷ್ಟಕ್ಕೇ ಉಸಿರು ಹತ್ತಿ ಆಕೆ ಕಲ್ಲಿನ ಮೇಲೆ ಕುಸಿದು ಕೂತರು. "ಉಸಿರಾಡೋಕೂ ಜಾಗ ಬಿಡ್ಲಿಲ್ವಲ್ರೀ ನೀವು. ನಾಳೆನೇ ಅಕ್ಕನ ಮನೆಗೆ ಹೊರಟೆ."

ಮೇಷ್ಟ್ರು ಸುತ್ತ ನೋಡಿದರು. ಬೆಕ್ಕಿರಲಿಲ್ಲ, ಟೈಲರೂ ಇರಲಿಲ್ಲ. ತಲೆ ತಗ್ಗಿಸಿ, ಒದ್ದೆ ಥರ್ಮೋಕೋಲನ್ನು ಕೈಯಿಂದಲೇ ಬಾಚತೊಡಗಿದರು. ನೀರು ಬಿದ್ದು ಹಳೆಯ ಬೂದಿ ಕದಡಿತ್ತು. ಅಡಿಯಿಂದ ಅರೆಸುಟ್ಟ ರಟ್ಟೊಂದು ಮೇಲೆದ್ದಿತ್ತು. ರಟ್ಟಿನ ಮೇಲೆ, ಪಾದ ಒತ್ತುವ ಯಂತ್ರದೊಳಗೆ ಕಾಲಿಟ್ಟು ನಗುತ್ತಿದ್ದ ಹೆಂಗಸಿನ ಚಿತ್ರ. ಅದೇ ಯಂತ್ರ, ಅದೇ ನೇರಳೆ ಬಣ್ಣ. ಅಕ್ಕ ಟವೆಲಿನಲ್ಲಿ ಸುತ್ತಿ ಕೊಟ್ಟದ್ದು! ಈ ಡಬ್ಬವನ್ನು ಮೇಷ್ಟ್ರಂತೂ ಸುಟ್ಟಿರಲಿಲ್ಲ.

ಹೆಂಡತಿಯ ಬೈಗುಳ ಅರ್ಧಕ್ಕೇ ನಿಂತಿತು. "ಏನ್ರೀ... ಏನದು, ಅಷ್ಟು ನೋಡ್ತಿದೀರಿ?"

ಮೇಷ್ಟ್ರು ಬಾಯಿ ತೆರೆದರು. ಆಮೇಲೆ ಚಪ್ಪಲಿಯ ಕಾಲನ್ನು ರಟ್ಟಿನ ಮೇಲಿಟ್ಟು, ನಗುವ ಹೆಂಗಸನ್ನು ಮೆಲ್ಲಗೆ ಬೂದಿಯೊಳಕ್ಕೆ ಒತ್ತಿದರು.

"ಏನಿಲ್ಲ ಕಣೇ," ಎಂದರು. "ಎಲ್ಲಾ ನಂದೇ."