ಹೊಯ್ಗೆ ಡಾಕ್ಟರನ ಪೋಸ್ಟ್‌ಡಾಕ್ ಬೇಟೆ

ನಮ್ಮ ಬದಿಯವರು ಯಾರನ್ನೂ ಒಂದೇ ಸಲಕ್ಕೆ ನಂಬುವುದಿಲ್ಲ. ನಾನು ಫೆಲೋಶಿಪ್ ಹುಡುಕಲು ಕೂತ ಮೇಲಂತೂ ವಾರಕ್ಕೊಂದು ಅನುಮಾನ ಮನೆ ಬಾಗಿಲಿಗೆ ಬರುತ್ತಲೇ ಇದೆ. ಕಿರಿಮಂಜೇಶ್ವರದ ಸುತ್ತಮುತ್ತ ಹೊಯ್ಗೆಯ, ಅಂದರೆ ಮರಳಿನ ಮೇಲೆ ಪಿಎಚ್‌ಡಿ ಮಾಡಿದವ ನಾನೊಬ್ಬನೇ. ಇನ್ನೊಬ್ಬನಿದ್ದರೆ ಎದುರಿಗೆ ಬರಲಿ! ಇನ್ನು ದೊಡ್ಡ ವಿಶ್ವವಿದ್ಯಾಲಯವೊಂದು ಪೋಸ್ಟ್‌ಡಾಕ್ ಸಂಶೋಧನೆಗೆ ಕರೆಯಬೇಕು. ಕರೆಯದಿದ್ದರೆ ಬೈಂದೂರಿನಲ್ಲಿ ಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊಳೆ ತೂಗಬೇಕು.

ಅಂಚೆ ಅಂಚೆ

ಆ ಮಾವ ಮುಂಬೈ ಹೋಟೆಲಿನಲ್ಲಿ ದುಡಿದು ಬಂದವರು, ಹಿಂದಿ ಬಲ್ಲವರು. "ಪೋಸ್ಟ್ ಅಂದ್ರೂ ಅಂಚೆ, ಡಾಕ್ ಅಂದ್ರೂ ಅಂಚೆ. ಅಂಚೆ ಅಂಚೆ ಅಂಬ ಕೆಲ್ಸ ಎಲ್ಲಿತ್ತ್ ಮಾರಾಯಾ? ನಿಂಗೆ ಯಾರೋ ಟೋಪಿ ಹಾಕ್ತಿದ್ರ್!"

"ಅಂಚೆ ಅಲ್ಲ ಮಾವ, ಡಾಕ್ಟರೇಟ್ ಆದ ಮೇಲೆ ಮಾಡುವ ಸಂಶೋಧನೆ" ಎಂದೆ.

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಮತ್ತೆ ಮಾಡ್ಕಾ? ಹಂಗಾರೆ ಮೊದ್ಲ್ ಮಾಡಿದ್ದ್ ಫೇಲಾ?"

ರಜೆಯ ಪ್ರೊಫೆಸರ್

ಅನುಮಾನದಲ್ಲಿ ನಾನೂ ಏನೂ ಕಡಿಮೆಯಿಲ್ಲ. ಒಬ್ಬ ಪ್ರೊಫೆಸರಿಗೆ ಮೇಲ್ ಕಳಿಸಿ ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ: "ನಾನು ರಜೆಯಲ್ಲಿದ್ದೇನೆ." ರಜೆಯಲ್ಲಿರುವವ ಇಷ್ಟು ಬೇಗ ಬರೆಯುತ್ತಾನಾ? ನಾನು ಬಿಡುವವನೇ? "ಸಾರ್, ಕೆಲಸ ಕೊಡಲು ಮನಸ್ಸಿಲ್ಲದಿದ್ದರೆ ನೇರ ಹೇಳಿ, ಸುಳ್ಳು ಬೇಡ" ಎಂದು ಬರೆದೆ. ಮತ್ತೆ ತಕ್ಷಣ, "ನಾನು ರಜೆಯಲ್ಲಿದ್ದೇನೆ." ಮನುಷ್ಯನ ಹಟ ಮೆಚ್ಚಬೇಕು ಅಂದುಕೊಂಡೆ. ಅದು ಕಂಪ್ಯೂಟರ್ ತಾನಾಗಿ ಕಳಿಸುವ ಉತ್ತರ ಎಂದು ಗೊತ್ತಾಗುವ ಹೊತ್ತಿಗೆ ನಾವಿಬ್ಬರೂ ಸಂಜೆವರೆಗೆ ಜಗಳಾಡಿ ಆಗಿತ್ತು.

ಮರವಂತೆಯಲ್ಲಿ

ಅರ್ಜಿಯ ಜೊತೆ ಹೊಳೆಯ ಮತ್ತು ಕಡಲಿನ ಹೊಸ ಹೊಯ್ಗೆ ಮಾದರಿಗಳ ವಿವರ ಬೇಕಿತ್ತು. ಮರವಂತೆ ಕಡಲ ಬದಿಯಲ್ಲಿ ಸಣ್ಣ ಪ್ಯಾಕೆಟಿಗೆ ಹೊಯ್ಗೆ ತುಂಬುತ್ತಿದ್ದೆ. ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಕೂಗಿದರು: "ಹ್ವಾಯ್! ಅರ್ಧ ಹೊಯ್ಗಿ ಸಮುದ್ರ ತಿಂದ್ ಆಯ್ತ್. ಉಳ್ದದ್ ತಕಂಡ್ ಹೋಪುಕೆ ನೀ ಬಂದ್ಯಾ?"

ಅಮ್ಮ ಪಾರು ಮಾಡಿದ್ದು

ಕಡೆಗೂ ಒಂದು ದೊಡ್ಡ ವಿಶ್ವವಿದ್ಯಾಲಯ ನನ್ನನ್ನು ಕೊನೆಯ ಸುತ್ತಿಗೆ ಆರಿಸಿ, ಫೋನಿನಲ್ಲಿ ವಿಚಾರಿಸುತ್ತೇವೆ ಎಂದಿತು. ಅದೇ ವಾರ ನಮ್ಮ ಹೊಳೆಯಲ್ಲಿ ಕಳ್ಳ ಹೊಯ್ಗೆ ತೆಗೆಯುವವರನ್ನು ಹಿಡಿಯಲು ಪೊಲೀಸರು ತಿರುಗುತ್ತಿದ್ದರು.

ನಾನು ಬಚ್ಚಲಲ್ಲಿದ್ದೆ. ಫೋನು ಬಡಿದುಕೊಂಡಿತು, ಅಮ್ಮ ಎತ್ತಿ "ನಾನ್ ಅವ್ನ ಅಮ್ಮ" ಅಂದು ಸ್ಪೀಕರಿಗೆ ಹಾಕಿದಳು. ಗಂಭೀರ ಗಂಡಸಿನ ದನಿ: "ನಿಮ್ಮ ಮಗ ಮರಳಿನ ಕೆಲಸ ಮಾಡ್ತಾರಲ್ಲಾ? ಅದರ ಬಗ್ಗೆ ವಿಚಾರಿಸಬೇಕಿತ್ತು."

ಅಮ್ಮ ದನಿ ಏರಿಸಿದಳು. "ಅಯ್ಯೋ ಸಾರ್, ಯಾರ್ ಹೇಳ್ದ್ರ್? ನಮ್ ಮಾಣಿ ಹೊಯ್ಗಿ ಬದಿಗೇ ಹೋಪವ ಅಲ್ಲ!"

"ಹೊಳೆಯಿಂದ ತುಂಬಾ ಸ್ಯಾಂಪಲ್ ತೆಗೆದಿದ್ದೇನೆ ಅಂತ ಅವರೇ ಬರೆದಿದ್ದಾರಲ್ಲ?"

"ಸುಳ್ಳ್ ಸಾರ್! ಅವಂದ್ ಬರೀ ಬಾಯಿ. ಹೊಯ್ಗಿ ಅಂದ್ರೆ ಎಂತ ಅಂದೇ ಅವನಿಗೆ ಗೊತ್ತಿಲ್ಲೆ!"

ಮುಖದ ತುಂಬ ಸೋಪು, ಸೊಂಟಕ್ಕೊಂದು ಬೈರಾಸು, ಓಡಿ ಬಂದೆ. ಅಷ್ಟರಲ್ಲಿ ಅಮ್ಮ ಫೋನು ಕೆಳಗಿಟ್ಟು, ಗೆದ್ದು ಬಂದವಳಂತೆ ನನ್ನ ಬೆನ್ನು ತಟ್ಟಿದಳು.

"ಹೆದ್ರಬೇಡ ಮಗಾ. ಅವ್ರ್ ಪಟ್ಟಿಯೊಳ್ಗೆ ನಿನ್ ಹೆಸ್ರೇ ಮೊದ್ಲ್ ಇತ್ತಂಬ್ರ್. ಕೈಕಾಲ್ ಹಿಡ್ದ್ ತೆಗ್ಸ್‌ದೆ!"